ಅಳತೆಯನ್ನು ಕೂಗಿ ಹೇಳದ ಅಂಗಡಿ

ಬಳ್ಳಾರಿಯ ಕೌಲ್ ಬಜಾರಿನ ಒಳಗಲ್ಲಿಯೊಂದರಲ್ಲಿ ಫಲಕವೂ ಇಲ್ಲದ, ಹತ್ತಡಿ ಅಗಲದ ಒಂದು ಹೊಲಿಗೆ ಅಂಗಡಿಯಿದೆ. ಗಂಡ ಬಟ್ಟೆ ಕತ್ತರಿಸುತ್ತಾರೆ, ಹೆಂಡತಿ ಅಳತೆ ತೆಗೆಯುತ್ತಾರೆ, ಇಬ್ಬರು ಹುಡುಗರು ಮೂರು ಮೆಷಿನ್‌ಗಳ ನಡುವೆ ಓಡಾಡಿಕೊಂಡು ಹೊಲಿಯುತ್ತಾರೆ. ವಾರದ ಬಹುಪಾಲು ದಿನ ಅಲ್ಲಿ ನಡೆಯುವುದು ಹೊರಗಿನ ಕಂಪನಿಗಳ ಜಾಬ್ ವರ್ಕ್, ಅಂದರೆ ಕೂಲಿಗೆ ಹೊಲಿದುಕೊಡುವ ಕೆಲಸ; ಉಳಿದ ವೇಳೆಯಲ್ಲಿ, ಗೊತ್ತಿದ್ದವರು ಬಂದು ಕೇಳಿದರೆ, ಒಂದೊಂದಾಗಿ ಅಳತೆಯ ಜೀನ್ಸ್ ಹೊಲಿದುಕೊಡುತ್ತಾರೆ. ಹೆಸರು ಬರೆದರೆ ಜನ ಮುಗಿಬಿದ್ದು ಜಾಬ್ ವರ್ಕ್ ತಪ್ಪೀತೆಂದು ಅವರೇ ಕೇಳಿಕೊಂಡಿರುವುದರಿಂದ ಇಲ್ಲಿ ಹೆಸರು ಬರೆದಿಲ್ಲ. ಕಳೆದ ಜೂನ್‌ನಿಂದ ಈಚೆಗೆ ನಾನು ಅಲ್ಲಿ ಮೂರು ಜೀನ್ಸ್ ಹೊಲಿಸಿದ್ದೇನೆ, ಎರಡು ಅಣ್ಣನ ಮಗಳಿಗೆ, ಒಂದು ನನಗೆ. ಆ ಮೂರರ ಗುಣದೋಷಗಳನ್ನು ಹೇಳುವುದು ಈ ಬರಹದ ಉದ್ದೇಶವಾದರೂ, ನಾವು ಆ ಗಲ್ಲಿಯವರೆಗೆ ಹೋಗಬೇಕಾಗಿ ಬಂದದ್ದು ಏಕೆಂಬುದನ್ನು ಮೊದಲು ಹೇಳಬೇಕು.

ಹುಡುಗಿಗೆ ಹದಿನೆಂಟು ತುಂಬಿದೆ. ರಾಯಚೂರಿನಲ್ಲಿ ಕೃಷಿ ಪದವಿಗೆ ಸೀಟು ಸಿಕ್ಕಿತು. ಹೊಲದಲ್ಲಿ ನಡೆಯುವ ತರಗತಿಗಳಿಗೆ ಚೂಡಿದಾರದ ವೇಲು ತೊಡಕಾಗುತ್ತದೆ, ಎರಡು ಗಟ್ಟಿ ಪ್ಯಾಂಟು ಬೇಕು ಎಂದಳು. ನಮ್ಮ ಮನೆತನದ ಹೆಣ್ಣುಮಕ್ಕಳು ಬಹುಪಾಲು ಕಪ್ಪಗಿದ್ದೇವೆ, ದಪ್ಪಗಿದ್ದೇವೆ. ‘ಮೈಕೈ ತುಂಬಿಕೊಂಡವರು’, ‘ಎಣ್ಣೆಗೆಂಪು’ ಎಂಬ ಮರೆಮಾತುಗಳನ್ನು ಬಿಟ್ಟು ಹೀಗೆ ಬರೆಯುತ್ತಿರುವುದು ಬೇಕೆಂದೇ. ಜೀನ್ಸಿಗೆ ಹೆಸರಾದ ಊರಿನಲ್ಲಿ ಜೀನ್ಸ್ ಕೊಳ್ಳುವುದು ಅರ್ಧ ಗಂಟೆಯ ಕೆಲಸವೆಂದುಕೊಂಡು, ದೊಡ್ಡ ರಸ್ತೆಯೊಂದರಲ್ಲಿರುವ ಎರಡು ಮಹಡಿಯ ರೆಡಿಮೇಡ್ ಅಂಗಡಿಗೆ ಮೊದಲು ಹೋದೆವು.

ಬಾಗಿಲ ಬಳಿ ನಿಂತಿದ್ದ ಸೇಲ್ಸ್ ಹುಡುಗಿ ನಮ್ಮ ಮುಖಕ್ಕಿಂತ ಮೊದಲು ಸೊಂಟ ನೋಡಿದಳು. “ಲೇಡೀಸ್ ಮೂವತ್ತಾರರ ಮ್ಯಾಲೆ ಬರಂಗಿಲ್ರಿ ಅಕ್ಕ” ಎಂದಳು. ನಾವಿನ್ನೂ ಏನು ಬೇಕೆಂದು ಹೇಳಿರಲಿಲ್ಲ. ಅವಳ ಕೊರಳಲ್ಲಿದ್ದ ಟೇಪು ಕೊರಳಲ್ಲೇ ಇತ್ತು. ಒತ್ತಾಯಿಸಿದ ಮೇಲೆ ಗಂಡಸರ ವಿಭಾಗದಿಂದ 42ರದೊಂದು ಜೀನ್ಸ್ ಬಂತು. ಅದು ಸೊಂಟಕ್ಕೆ ಜೋಲುತ್ತಿತ್ತು, ತೊಡೆಗೆ ಏರಲಿಲ್ಲ. ಜೀನ್ಸ್ ಹೋಗಲಿ, ಕುರ್ತಾ ಆದರೂ ನೋಡೋಣವೆಂದು ಹುಡುಗಿ ಅರಿಶಿನ ಬಣ್ಣದ್ದನ್ನು ಕೈಗೆತ್ತಿಕೊಂಡಳು. “ಕಪ್ಪಗಿದ್ದೋರಿಗೆ ಅದು ಎದ್ದು ಹೊಡಿತೈತ್ರಿ, ಬ್ಯಾಡ.” ಹಾಗಾದರೆ ಕಪ್ಪು? “ಕಪ್ಪು ಮೈಗೆ ಕಪ್ಪು ಹಾಕಿದ್ರ ಇನ್ನೂ ಮಂಕಾಗ್ತೈತ್ರಿ, ತಿಳಿ ಕಲರ್ ಹಾಕ್ರಿ.” ತಿಳಿ ನೀಲಿ ತೆಗೆದರೆ, “ತಿಳಿ ಕಲರ್ ಮೈ ದಪ್ಪ ತೋರಸ್ತೈತಲ್ರಿ.” ಕಪ್ಪಗಿದ್ದವರಿಗೆ ಗಾಢ ಬಣ್ಣ ಸಲ್ಲದು, ದಪ್ಪಗಿದ್ದವರಿಗೆ ತಿಳಿ ಬಣ್ಣ ಸಲ್ಲದು. ಬೇರೆ ಬೇರೆಯಾಗಿದ್ದಾಗ ಒಂದೊಂದು ನಿಯಮವೂ ಅರ್ಧ ಅಂಗಡಿಯನ್ನು ಬಿಟ್ಟುಕೊಡುತ್ತದೆ. ಎರಡೂ ಒಬ್ಬಳ ಮೇಲೆ ಬಿದ್ದಾಗ ಇಡೀ ಅಂಗಡಿ ಮುಚ್ಚಿಕೊಳ್ಳುತ್ತದೆ. ಕೊನೆಗೆ ಉಳಿದದ್ದು ಒಂದು ಕಾಫಿಪುಡಿ ಬಣ್ಣದ ಕುರ್ತಾ. ಹುಡುಗಿ ಅದನ್ನು ಮುಟ್ಟಿಯೂ ನೋಡಲಿಲ್ಲ. ಸೇಲ್ಸ್ ಹುಡುಗಿಯನ್ನು ದೂರುವ ಮನಸ್ಸು ನನಗಿಲ್ಲ. ಬಿಸಿಲಿಗೆ ಬಂದಿದ್ದೇವೆಂದು ಕೇಳದೆಯೇ ನೀರು ತಂದುಕೊಟ್ಟವಳು ಅವಳೇ, ಮತ್ತು ಅವಳ ಮುಖಕ್ಕೆ ಹಚ್ಚಿದ್ದ ಪೌಡರು ಕೊರಳಿನ ಬಣ್ಣಕ್ಕಿಂತ ಎರಡು ಪಟ್ಟು ಬಿಳಿಯಾಗಿತ್ತು.

ಆ ಅಂಗಡಿಯ ಮೆಟ್ಟಿಲ ಗೋಡೆಯ ಮೇಲೆ ಎರಡು ದೊಡ್ಡ ಚಿತ್ರಗಳಿದ್ದವು. ಒಂದರಲ್ಲಿ ‘ಪ್ಲಸ್ ಸೈಜ್’ ಎಂಬ ಬರಹದ ಕೆಳಗೆ ಹಾಲಿನಂಥ ಬಣ್ಣದ, ಗುಂಡುಕೆನ್ನೆಯ ಹೆಂಗಸು ನಗುತ್ತಿದ್ದಳು. ಇನ್ನೊಂದರಲ್ಲಿ ಕಪ್ಪು ಬಣ್ಣದ, ಬಳ್ಳಿಯಂತೆ ತೆಳ್ಳಗಿನ ಹುಡುಗಿ ನಿಂತಿದ್ದಳು. ನೀವು ದಪ್ಪಗಿರುವವರನ್ನು ಕಡೆಗಣಿಸುತ್ತೀರಿ ಎಂದರೆ ಮಾಲೀಕರು ಮೊದಲನೆಯ ಚಿತ್ರ ತೋರಿಸಬಹುದು, ಕಪ್ಪಗಿರುವವರನ್ನು ಕಡೆಗಣಿಸುತ್ತೀರಿ ಎಂದರೆ ಎರಡನೆಯದನ್ನು. ಅಮೆರಿಕದ ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಎತ್ತಿ ತೋರಿಸಿದ್ದು ಇಂಥದ್ದೇ ಒಂದು ನುಣುಚಿಕೊಳ್ಳುವ ದಾರಿಯನ್ನು. ಜನರಲ್ ಮೋಟರ್ಸ್ ಕಂಪನಿಯ ವಿರುದ್ಧ ಕಪ್ಪು ಮಹಿಳೆಯರು ಹೂಡಿದ ಮೊಕದ್ದಮೆಯಲ್ಲಿ, ಕಂಪನಿಯು ಹೆಂಗಸರಿಗೂ ಕೆಲಸ ಕೊಟ್ಟಿದೆ, ಕಪ್ಪು ಜನರಿಗೂ ಕೆಲಸ ಕೊಟ್ಟಿದೆ, ಆದ್ದರಿಂದ ಎರಡನ್ನೂ ಜೋಡಿಸಿ ಹೊಸ ದೂರು ತರುವಂತಿಲ್ಲ ಎಂದು 1976ರಲ್ಲಿ ನ್ಯಾಯಾಲಯ ಹೇಳಿತ್ತು. ಕೆಲಸ ಸಿಕ್ಕ ಹೆಂಗಸರು ಕಚೇರಿಯಲ್ಲಿದ್ದ ಬಿಳಿಯರು, ಕೆಲಸ ಸಿಕ್ಕ ಕಪ್ಪು ಜನ ಕಾರ್ಖಾನೆಯಲ್ಲಿದ್ದ ಗಂಡಸರು. ನಡುವಿನಲ್ಲಿ ಬಿದ್ದವಳನ್ನು ಯಾರೂ ಲೆಕ್ಕ ಹಿಡಿಯಲಿಲ್ಲ. ಇದಕ್ಕೂ ಮೊದಲೇ, 1972ರಲ್ಲಿ, ಬಡ ತಾಯಂದಿರ ಹಕ್ಕುಗಳಿಗಾಗಿ ಹೋರಾಡಿದ ಜಾನಿ ಟಿಲ್ಮನ್ ಎಂಬಾಕೆ ತಾನು ಹೆಂಗಸು, ಕಪ್ಪು, ಬಡವಿ, ದಪ್ಪ, ನಡುವಯಸ್ಸಿನವಳು ಎಂದು ಒಂದೇ ಉಸಿರಿನಲ್ಲಿ ಬರೆದುಕೊಂಡಿದ್ದರು. ಇವುಗಳಲ್ಲಿ ಒಂದಾಗಿದ್ದರೂ ಬೆಲೆ ಇಳಿಯುತ್ತದೆ, ಎಲ್ಲವೂ ಆಗಿದ್ದರೆ ಎಣಿಕೆಗೇ ಬರುವುದಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ.

ಅಲ್ಲಿನ ಜನಾಂಗಭೇದವೂ ನಮ್ಮ ಬಣ್ಣದ ಮೋಹವೂ ಒಂದೇ ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಮೈಬಣ್ಣ ನೋಡಿದ ಕೂಡಲೇ ಜಾತಿಯನ್ನು ಊಹಿಸುವ ಚಟವಿದೆ, “ಯಾವ ಕಡೇರಿ ನೀವು?” ಎಂಬ ಪ್ರಶ್ನೆ ಹುಟ್ಟುವುದೇ ಅಲ್ಲಿಂದ. ಆದರೆ ಬಣ್ಣಕ್ಕೂ ಗಾತ್ರಕ್ಕೂ ಗಂಟು ಹಾಕುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಕನ್ಯೆಯನ್ನು ಹೊಗಳುವಾಗ ನಮ್ಮ ಬಾಯಿಂದ ಜೋಡಿಯಾಗಿಯೇ ಬರುವ ಮಾತು ‘ತೆಳ್ಳಗೆ ಬೆಳ್ಳಗೆ’. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಪ್ರಾಸವೇ ತಪ್ಪಿದಂತಾಗುತ್ತದೆ. ಈ ಜೋಡಿಗೆ ಹೊರಗಾದವಳಿಗೆ ಸಿಗುವುದು ‘ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ’, ‘ದಪ್ಪಗಿದ್ದರೂ ಚುರುಕು’ ಎಂಬ ಹೊಗಳಿಕೆ, ಅದರಲ್ಲಿರುವ ‘ರೂ’ ಎಂಬ ಒಂದಕ್ಷರ ಹೊಗಳಿದ್ದನ್ನೆಲ್ಲ ವಾಪಸು ಕಿತ್ತುಕೊಳ್ಳುತ್ತದೆ. ನನ್ನ ಇಪ್ಪತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ಬಣ್ಣ ಮತ್ತು ಮೈಕಟ್ಟನ್ನು ಯಾವ ತೂಗುವಿಕೆಯೂ ಇಲ್ಲದೆ ಬರೆದದ್ದನ್ನು ನಾನು ಕಂಡಿರುವುದು ಪತ್ರಿಕೆಗಳ ‘ಕಾಣೆಯಾಗಿದ್ದಾರೆ’ ಪ್ರಕಟಣೆಗಳಲ್ಲಿ ಮಾತ್ರ: ದುಂಡು ಮುಖ, ಎಣ್ಣೆಗೆಂಪು ಮೈಬಣ್ಣ, ದೃಢವಾದ ಮೈಕಟ್ಟು. ಕಳೆದುಹೋದ ಮೇಲಷ್ಟೇ ಮೈಗೆ ಅಂಥ ಮರ್ಯಾದೆ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕ್ರೀಮು 2020ರಲ್ಲಿ ‘ಫೇರ್’ ಬಿಟ್ಟು ‘ಗ್ಲೋ’ ಇಟ್ಟುಕೊಂಡಿತು. ನಮ್ಮ ಓಣಿಯ ಅಂಗಡಿಯಲ್ಲಿ ಜನ ಇಂದಿಗೂ ಹಳೆಯ ಹೆಸರಿನಲ್ಲಿಯೇ ಕೇಳುತ್ತಾರೆ, ಅಂಗಡಿಯವರೂ ತಿದ್ದದೆ ಕೊಡುತ್ತಾರೆ.

ನಮ್ಮ ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡದಲ್ಲಿ ‘ಅಂಗಡಿ’ ಎಂಬ ಪದವೇ ಇದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕೆ ಯಾರನ್ನೂ ಅಂಗಡಿಯ ಬಾಗಿಲಲ್ಲಿ ತಡೆಯುವಂತಿಲ್ಲ. ಮೈಯ ಗಾತ್ರ ಆ ಪಟ್ಟಿಯಲ್ಲಿಲ್ಲ. ಅಮೆರಿಕದ ಮಿಷಿಗನ್ ರಾಜ್ಯ 1976ರಲ್ಲಿಯೇ ಎತ್ತರ ಮತ್ತು ತೂಕವನ್ನು ತನ್ನ ಭೇದವಿರೋಧಿ ಕಾನೂನಿಗೆ ಸೇರಿಸಿತು, ನ್ಯೂಯಾರ್ಕ್ ನಗರ 2023ರಲ್ಲಿ ಸೇರಿಸಿತು. ನಮ್ಮನ್ನಂತೂ ಆ ದಿನ ಯಾರೂ ತಡೆಯಲಿಲ್ಲ. ಒಳಗೆ ಕರೆದರು, ನೀರು ಕೊಟ್ಟರು, ಬರಿಗೈಯಲ್ಲಿ ಕಳಿಸಿದರು.

ಕೌಲ್ ಬಜಾರಿನ ಅಂಗಡಿಯ ಸುಳಿವು ಕೊಟ್ಟವರು ನಮ್ಮ ಶಾಲೆಯ ಅಡುಗೆಯವರು. ಅವರ ತಂಗಿ ಅಲ್ಲಿಗೆ ದಾರ ಕತ್ತರಿಸಲು ಹೋಗುತ್ತಾಳೆ. (ಬಳ್ಳಾರಿಯ ಜೀನ್ಸ್ ಎಷ್ಟೋ ಮನೆಗಳ ಕಟ್ಟೆಯ ಮೇಲೆ ಹೀಗೆ ರಾಶಿ ಬಿದ್ದು, ಹೆಂಗಸರ ಕೈಯಲ್ಲಿ ದಾರ ಕತ್ತರಿಸಿಕೊಂಡು ಹೋಗುತ್ತದೆ; ಆ ಹೆಂಗಸರಲ್ಲಿ ಅದನ್ನು ತೊಟ್ಟು ನೋಡಿದವರು ಎಷ್ಟು ಮಂದಿಯೋ.) ಮೊದಲ ಭೇಟಿಯಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಅಳತೆ ತೆಗೆದ ರೀತಿ. ಸಾಮಾನ್ಯವಾಗಿ ಟೈಲರ್ ಟೇಪು ಹಿಡಿದು ಅಂಕಿಯನ್ನು ಕೂಗುತ್ತಾನೆ, ಮೂಲೆಯಲ್ಲಿ ಕುಳಿತ ಹುಡುಗ ಬರೆದುಕೊಳ್ಳುತ್ತಾನೆ, ಬೀದಿಯಲ್ಲಿ ಹೋಗುವವರಿಗೂ ನಮ್ಮ ಸೊಂಟ ಎಷ್ಟೆಂದು ಗೊತ್ತಾಗುತ್ತದೆ. ಇಲ್ಲಿ ಆ ಅಕ್ಕ ಹುಡುಗಿಯನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ, ಟೇಪು ಸುತ್ತಿ, ಎರಡು ಬೆರಳು ಒಳಗೆ ತೂರಿಸಿ ಬಿಗಿ ಎಷ್ಟೆಂದು ನೋಡಿ, ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲಿನಿಂದ ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ತಾವೇ ಬರೆದುಕೊಂಡರು. ಒಂದು ಅಂಕಿಯನ್ನೂ ಬಾಯಿಬಿಟ್ಟು ಹೇಳಲಿಲ್ಲ. ನಿಂತಾಗಿನ ಸೊಂಟ, ಸ್ಟೂಲಿನ ಮೇಲೆ ಕೂತಾಗಿನ ಸೊಂಟ, ಸೀಟು, ತೊಡೆಯ ದಪ್ಪ ಎರಡು ಕಡೆ, ಮೊಣಕಾಲು, ಮೀನಖಂಡ, ಮುಂದಿನ ರೈಸ್ (ಕಾಲುಗಳ ಸಂದಿನಿಂದ ಸೊಂಟಪಟ್ಟಿಯವರೆಗಿನ ಉದ್ದ), ಹಿಂದಿನ ರೈಸ್, ಹೀಗೆ ಹದಿಮೂರು ಅಳತೆ ಆಯಿತು. “ಕುಂತಾಗ ಎಷ್ಟು ಹಿಗ್ತೈತಿ ಅಂತ ನೋಡ್ಬೇಕಮ್ಮ, ಹೊಲದಾಗ ಕುಂತು ಎದ್ದು ಮಾಡೋಳು ನೀನು” ಎಂದರು. ಉಸಿರು ಒಳಗೆಳೆದುಕೊಂಡು ನಿಂತಿದ್ದ ಹುಡುಗಿ ಆಗ ಉಸಿರು ಬಿಟ್ಟಳು. ಅವರು ಟೇಪು ಬಿಚ್ಚಿ ಮತ್ತೆ ಸುತ್ತಿ, ಬರೆದದ್ದನ್ನು ಹೊಡೆದು ಹಾಕಿ, ಹೊಸದಾಗಿ ಬರೆದರು.

ಜಾಬ್ ವರ್ಕಿಗೆ ಕಂಪನಿಗಳು ಕಳಿಸುವ ಅಳತೆ ಪಟ್ಟಿಯೊಂದು ಗೋಡೆಗೆ ಅಂಟಿತ್ತು. 28ರಿಂದ ಹೊರಟು 36ಕ್ಕೆ ನಿಲ್ಲುವ ಆ ಪಟ್ಟಿಯಲ್ಲಿ ಸೊಂಟ ಎರಡಿಂಚು ಏರಿದರೆ ಸೀಟೂ ಎರಡಿಂಚು ಏರುತ್ತದೆ, ತೊಡೆ ಒಂದಿಂಚು ಏರುತ್ತದೆ. ಅಂದರೆ ತೆಳ್ಳಗಿನ ಒಂದು ಮೈಯನ್ನು ಬರೆದು, ಉಳಿದ ಮೈಗಳೆಲ್ಲ ಅದನ್ನೇ ಊದಿಸಿದರೆ ಬರುತ್ತವೆಂಬ ನಂಬಿಕೆ. ಇಂಥ ಪಟ್ಟಿಗಳ ಹಿಂದೆ ಒಂದು ಚರಿತ್ರೆಯೂ ಇದೆ. 1939 ಮತ್ತು 1940ರಲ್ಲಿ ಅಮೆರಿಕದ ಕೃಷಿ ಇಲಾಖೆ ಸುಮಾರು 15,000 ಹೆಂಗಸರನ್ನು ತಲಾ 59 ಕಡೆ ಅಳೆಸಿತು (ಕೃಷಿ ಇಲಾಖೆಗೆ ಇದೇನು ಕೆಲಸವೆಂದು ನಮ್ಮ ಹುಡುಗಿ ಬಹಳ ನಕ್ಕಳು), ಆದರೆ ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಹೆಂಗಸರ ಅಳತೆಗಳನ್ನು ಮಾತ್ರ. 1958ರಲ್ಲಿ ಆ ದೇಶದ ಸಿದ್ಧ ಉಡುಪಿನ ಸೈಜುಗಳ ಮಾನದಂಡ ಪ್ರಕಟವಾದದ್ದು ಆ ಅಳತೆಗಳ ಅಡಿಪಾಯದ ಮೇಲೆಯೇ. ಭಾರತಕ್ಕೆ ತನ್ನದೇ ಆದ ಸೈಜು ಪಟ್ಟಿ ಇಲ್ಲದೆ, ನಮ್ಮ ಕಂಪನಿಗಳು ಅಮೆರಿಕ, ಇಂಗ್ಲೆಂಡಿನ ಪಟ್ಟಿಗಳನ್ನೇ ತಿದ್ದಿಕೊಂಡು ಬಳಸುತ್ತ ಬಂದವು. ಆರು ನಗರಗಳಲ್ಲಿ 25,000 ಜನರನ್ನು ಅಳೆದು ದೇಶದ್ದೇ ಪಟ್ಟಿ ಮಾಡುವ ಕೆಲಸವನ್ನು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಕೈಗೆತ್ತಿಕೊಂಡದ್ದು ತೀರ ಈಚೆಗೆ. ಆ ಆರರಲ್ಲಿ ಬೆಂಗಳೂರಿದೆ, ಹೈದರಾಬಾದಿದೆ. ನಡುವಿನ ನಾವು ಯಾರ ಅಳತೆಗೆ ಸೇರುತ್ತೇವೋ ನೋಡಬೇಕು. ಆದ್ದರಿಂದ ರೆಡಿಮೇಡ್ ಜೀನ್ಸ್ ತೊಡೆಗೆ ಏರದಿದ್ದಾಗ ತಪ್ಪು ತೊಡೆಯದೆಂದು ತಿಳಿಯುವ ಮೊದಲು, ಆ ಬಟ್ಟೆ ಯಾರ ಮೈಯನ್ನು ನೋಡಿ ಕತ್ತರಿಸಿದ್ದೆಂದು ಕೇಳುವುದು ನ್ಯಾಯ.

“ತೂಕ ಇಳಿಸಬಾರದೇ?” ಎಂದು ಕೇಳುವವರಿಗೆ ಚಿಕ್ಕ ಉತ್ತರ: ಇಳಿಸಲಿ, ಬಿಡಲಿ, ಸೋಮವಾರದ ತರಗತಿಗೆ ಅವಳಿಗೆ ಪ್ಯಾಂಟು ಬೇಕಾಗಿತ್ತು.

ಈಗ ಜೀನ್ಸಿನ ವಿಚಾರ. ಬಟ್ಟೆ ಹತ್ತು ಔನ್ಸಿನ ಡೆನಿಮ್, ಸ್ವಲ್ಪ ಲೈಕ್ರಾ ಸೇರಿದ್ದು. ಬಳ್ಳಾರಿಯ ಏಪ್ರಿಲ್ ತಿಂಗಳಿಗೆ ಇದಕ್ಕಿಂತ ದಪ್ಪದ್ದು ಬೇಡವೆಂದು ಬಟ್ಟೆ ಕತ್ತರಿಸುವ ಮಾಸ್ಟರ್ ಹೇಳಿದ್ದು ಸರಿಯಾಗಿತ್ತು. ಹಿಂದಿನ ರೈಸನ್ನು ಮುಂದಿನದಕ್ಕಿಂತ ಐದು ಇಂಚಿನಷ್ಟು ಹೆಚ್ಚು ಇಟ್ಟು, ಹಿಂಬದಿಯಲ್ಲಿ ಸೊಂಟಪಟ್ಟಿಯ ಕೆಳಗೆ ಜೋಡಿಸುವ ಯೋಕ್ ಎಂಬ ತುಂಡನ್ನು ನೇರವಾಗಿ ಬಿಡದೆ ಬಾಗಿಸಿ ಕತ್ತರಿಸಿದ್ದಾರೆ. ದಪ್ಪ ಮೈಯವರು ಜೀನ್ಸ್ ತೊಟ್ಟು ಬಗ್ಗಿದಾಗ ಹಿಂದೆ ಸೊಂಟಪಟ್ಟಿ ಬಾಯಿ ತೆರೆದುಕೊಳ್ಳುವುದು ಹಿಂದಿನ ರೈಸಿಗೆ ಬಟ್ಟೆ ಸಾಲದೆ, ಯೋಕಿಗೆ ಬಾಗು ಇಲ್ಲದೆ ಹೋಗುವುದರಿಂದ. ಇಲ್ಲಿ ಅದು ಆಗಿಲ್ಲ, ಕಳೆ ಕೀಳಲು ಕುಕ್ಕರುಗಾಲಲ್ಲಿ ಕೂತರೂ ಪಟ್ಟಿ ಜಾಗ ಬಿಡುವುದಿಲ್ಲವೆಂದು ಹುಡುಗಿ ಹೇಳಿದ್ದಾಳೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಳತೊಡೆಗೆ ಹಾಕಿದ ಜೋಡಿ ಬಟ್ಟೆ. ತೊಡೆ ತೊಡೆ ಉಜ್ಜಿ ಆರು ತಿಂಗಳಲ್ಲಿ ಅಲ್ಲೇ ಹರಿಯುತ್ತದೆಂಬುದು ನಮ್ಮಂಥವರಿಗೆ ಮಾತ್ರ ಗೊತ್ತಿರುವ ಸಂಗತಿ, ಅದನ್ನು ನಾವು ಯಾರಿಗೂ ಹೇಳುವುದಿಲ್ಲ. ಈ ಅಕ್ಕ ಕೇಳದೆಯೇ, ಹೊರಗೆ ಹೊಲಿಗೆ ಕಾಣದಂತೆ, ಒಂದು ಅಂಗೈಯಗಲದ ಪಟ್ಟಿ ಕೊಡಿಸಿದ್ದಾರೆ. ಎಂಟು ತಿಂಗಳಾದರೂ ನನ್ನದು ಹರಿದಿಲ್ಲ. ಜೇಬುಗಳು ಗಂಡಸರ ಜೀನ್ಸಿನಷ್ಟೇ ಆಳವಾಗಿವೆ, ಫೋನು ಪೂರ್ತಿ ಮುಳುಗುತ್ತದೆ.

ಬಣ್ಣದ ವಿಷಯದಲ್ಲಿ ಅಕ್ಕ ಬಟ್ಟೆಯ ಉರುಳೆಗಳನ್ನು ಸಾಲಾಗಿ ಮುಂದಿಟ್ಟು ಸುಮ್ಮನೆ ಕೂತರು. ಹುಡುಗಿ ಅಭ್ಯಾಸಬಲದಿಂದ “ನನಗೆ ಯಾವುದು ಒಪ್ಪುತ್ತದೆ?” ಎಂದು ಕೇಳಿದಳು. “ಮಣ್ಣಾದ್ರ ಕಾಣಬಾರದು ಅಂದ್ರ ಗಾಢ ನೀಲಿ ತಗೋ, ಕಂಡ್ರೂ ಪರವಾಗಿಲ್ಲ ಅಂದ್ರ ತಿಳಿದು ತಗೋ” ಎಂದಷ್ಟೇ ಬಂತು ಉತ್ತರ. ಅವಳು ಒಂದು ಗಾಢವನ್ನೂ ಒಂದು ತಿಳಿಯನ್ನೂ ತೆಗೆದುಕೊಂಡಳು.

ದೋಷಗಳೂ ಇವೆ, ಅವು ಸಣ್ಣವಲ್ಲ. ನಾಲ್ಕು ದಿನದಲ್ಲಿ ಕೊಡುತ್ತೇವೆಂದದ್ದು ಹನ್ನೊಂದು ದಿನವಾಯಿತು, ಆ ಸೋಮವಾರದ ತರಗತಿಗೆ ಹುಡುಗಿ ಹಳೆಯ ಟ್ರ್ಯಾಕ್ ಪ್ಯಾಂಟಿನಲ್ಲಿಯೇ ಹೋದಳು. ಜಾಬ್ ವರ್ಕಿನ ಗಂಟು ಬಂದರೆ ನಮ್ಮ ಬಟ್ಟೆ ಹಲಗೆಯ ಕೆಳಗೆ ಸೇರುತ್ತದೆ. ತೊಟ್ಟು ನೋಡಲು ಕೋಣೆಯಿಲ್ಲ, ಪರದೆಯೆಂದರೆ ಹೂಬಳ್ಳಿಯ ಹಳೆಯ ಬೆಡ್‌ಶೀಟು, ಕನ್ನಡಿ ಎದೆಯಿಂದ ಕೆಳಗೆ ಮಾತ್ರ ತೋರಿಸುತ್ತದೆ. ಗಾಢ ನೀಲಿ ಜೀನ್ಸ್ ಮೊದಲ ಮೂರು ಸಲ ಒಗೆದಾಗ ಬಕೆಟ್ಟಿನ ತುಂಬ ಬಣ್ಣ ಬಿಟ್ಟಿತು, ತೊಟ್ಟ ಮೊದಲ ದಿನ ಹುಡುಗಿಯ ತೊಡೆಗೂ ಅಂಟಿತು. ಬಣ್ಣ ಬಿಡುತ್ತದೆ, ಬೇರೆಯಾಗಿ ಒಗೆಯಿರಿ ಎಂದು ಮೊದಲೇ ಹೇಳಬಹುದಿತ್ತು. ಎರಡನೆಯ ಭೇಟಿಯಲ್ಲಿ ಮಾಸ್ಟರ್ ಬಟ್ಟೆಗೆ ಚಾಕ್ ಎಳೆಯುತ್ತ, “ದಿನಾ ಒಂದು ತಾಸು ಅಡ್ಡಾಡಮ್ಮ, ಬಟ್ಟೆ ಕಮ್ಮಿ ಹಿಡಿತೈತಿ” ಎಂದರು. ಅಕ್ಕ ಮೆಷಿನ್ನಿನಿಂದ ತಲೆಯೆತ್ತದೆ, “ನೀವು ಚಾಕ್ ನೋಡ್ರಿ” ಎಂದರು. ಮಾಸ್ಟರ್ ಚಾಕ್ ನೋಡಿದರು. ಆ ಮಾತು ಅಲ್ಲಿಗೆ ಮುಗಿಯಿತಾದರೂ, ಇಂಥ ಅಂಗಡಿಯಲ್ಲಿಯೂ ಅದು ಬಂದಿತೆಂಬುದನ್ನು ಬರೆಯದೆ ಬಿಡಲಾರೆ.

ಬೆಲೆಯ ಬಗ್ಗೆ ನನಗೆ ಎರಡು ಮನಸ್ಸು. ಹೊಲಿಗೆಗೆ ಎಲ್ಲರಿಗೂ 450 ರೂಪಾಯಿ, ಸೊಂಟ ಎಷ್ಟೇ ಇರಲಿ. ಬಟ್ಟೆಗೆ ಮಾತ್ರ ಹಿಡಿದಷ್ಟು ದುಡ್ಡು: ಸಾಮಾನ್ಯವಾಗಿ ಒಂದೂಕಾಲು ಮೀಟರ್ ಸಾಕಾದರೆ ಹುಡುಗಿಗೆ ಒಂದೂಮುಕ್ಕಾಲು ಬೇಕಾಯಿತು, ಎಲ್ಲ ಸೇರಿ ಜೀನ್ಸ್ ಒಂದಕ್ಕೆ 1,010 ರೂಪಾಯಿ ಬಿತ್ತು. ರೆಡಿಮೇಡ್ ಅಂಗಡಿಯಲ್ಲಿ 28ಕ್ಕೂ 36ಕ್ಕೂ ಒಂದೇ ಬೆಲೆ, 36ರ ಆಚೆ ಮಾಲೇ ಇಲ್ಲ. ಅಲ್ಲಿ ತೆಳ್ಳಗಿನವರು ನಡುಗಾತ್ರದವರ ಬಟ್ಟೆಗೂ ಅಷ್ಟಿಷ್ಟು ದುಡ್ಡು ಕಟ್ಟುತ್ತಾರೆ, ಯಾರಿಗೂ ಅದು ಅನ್ಯಾಯವೆನಿಸುವುದಿಲ್ಲ. ಇಲ್ಲಿ ನಮ್ಮ ಹೆಚ್ಚಿನ ಅರ್ಧ ಮೀಟರನ್ನು ನಾವೇ ಕಟ್ಟಿದೆವು. ಹತ್ತಡಿ ಅಂಗಡಿಯವರಿಂದ ಇದಕ್ಕಿಂತ ಬೇರೆ ಲೆಕ್ಕ ನಿರೀಕ್ಷಿಸುವುದು ಸರಿಯಲ್ಲವೆಂದು ನನಗೆ ಈಗ ಅನ್ನಿಸುತ್ತದೆ, ದೊಡ್ಡ ಕಂಪನಿಗಳು ಇದೇ ಮಾತು ಹೇಳಿದರೆ ಮಾತ್ರ ಒಪ್ಪಲಾರೆ.

ಕಂಟೋನ್ಮೆಂಟಿನ ಬ್ರಿಟಿಷ್ ಸೈನಿಕರಿಗೆ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳಿಂದ ಬಳ್ಳಾರಿಯ ಈ ಕಸುಬು ಬೆಳೆಯಿತೆಂದು ಊರಿನಲ್ಲಿ ಹೇಳುತ್ತಾರೆ. ಒಬ್ಬೊಬ್ಬನನ್ನು ನಿಲ್ಲಿಸಿ ಅಳೆದು ಹೊಲಿಯುತ್ತಿದ್ದ ಆ ಕೈಚಳಕ ಗಲ್ಲಿಗಳಲ್ಲಿ ಇನ್ನೂ ಉಳಿದಿದೆ, ಅದಕ್ಕೆ ಕೆಲಸ ಕೊಡುವವರು ಕಡಿಮೆಯಾಗಿದ್ದಾರೆ. ಹೋಗುವವರು ಶುಕ್ರವಾರ ಮಧ್ಯಾಹ್ನ ಬಿಟ್ಟು ಬೇರೆ ದಿನ, ಸಂಜೆ ನಾಲ್ಕರ ಮೇಲೆ ಹೋಗಬೇಕು. ನಿಮಗೆ ಆರಾಮವೆನಿಸುವ ಹಳೆಯ ಪ್ಯಾಂಟೊಂದನ್ನು ಜೊತೆಗೆ ಒಯ್ದರೆ ರೈಸ್ ಹೊಂದಿಸಲು ಅನುಕೂಲವಾಗುತ್ತದೆ. ಫೋನಿನಲ್ಲಿ ಅಳತೆ ಹೇಳಿದರೆ ಅವರು ಹೊಲಿಯುವುದಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದದ್ದು ಆ ಹನ್ನೊಂದು ದಿನಗಳಿಗಾಗಿ. ತಿಳಿ ಬಣ್ಣದ ಜೀನ್ಸಿನ ಹಿಂಬದಿಯ ಬೆಲ್ಟ್ ಲೂಪು ನಡುವಿನಿಂದ ಅರ್ಧ ಇಂಚು ಸರಿದಿದೆಯೆಂದು ಹುಡುಗಿ ರಾಯಚೂರಿನಿಂದ ಫೋನ್ ಮಾಡಿ ಹೇಳಿದ್ದಾಳೆ. ಈ ಸಲ ರಜೆಗೆ ಬಂದಾಗ ಅದನ್ನು ಬಿಚ್ಚಿಸಿ ಹಾಕಿಸಬೇಕು.